ಉಳ್ಳಾಗಡ್ಡಿ ಸಿಪ್ಪೆಯ ಸಂಶೋಧನೆಗೆ ಹೆಗಲು ಕೊಟ್ಟವರಿಗೆ

ಈರುಳ್ಳಿಯ ಒಣ ಸಿಪ್ಪೆಯಲ್ಲಿ ಹೇರಳವಾಗಿರುವ ಕ್ವೆರ್ಸಿಟಿನ್ ಎಂಬ ಫ್ಲೇವನಾಯ್ಡ್ (ಗಿಡಗಳಲ್ಲಿ ಸಿಗುವ ಒಂದು ಬಗೆಯ ರಾಸಾಯನಿಕ), ಉತ್ಕರ್ಷಣದ (ಆಕ್ಸಿಡೇಶನ್) ಹಾನಿಯಿಂದ ಮೂತ್ರಪಿಂಡದ ಜೀವಕೋಶಗಳನ್ನು ಎಷ್ಟರಮಟ್ಟಿಗೆ ಕಾಪಾಡಬಲ್ಲದು ಎಂಬುದನ್ನು ಕುರಿತ ನನ್ನ ಪಿಎಚ್.ಡಿ. ಪ್ರಬಂಧದ ಮೌಖಿಕ ಪರೀಕ್ಷೆ ಕಳೆದ ವಾರ ಮುಗಿದು, ಪದವಿಗೆ ಶಿಫಾರಸಾಗಿದೆ. ಪ್ರಬಂಧದ ಮೊದಲ ಪುಟದಲ್ಲಿ ಹಿಡಿಸದೆ ಉಳಿದ ಋಣವನ್ನು ಇಲ್ಲಿ ಸ್ಮರಿಸುತ್ತಿದ್ದೇನೆ.

ಮೊದಲ ನಮಸ್ಕಾರ ಹುಬ್ಬಳ್ಳಿಯ ಅಮರಗೋಳ ಎಪಿಎಂಸಿಯ ಹಮಾಲರಿಗೆ. "ಈ ಕಸಾ ಒಯ್ದು ಏನ್ ಮಾಡ್ತೀರಿ ಮೇಡಂ" ಎಂದು ನಗುತ್ತಲೇ, ಕೊಳೆತದ್ದನ್ನೂ ಹಸಿಯದ್ದನ್ನೂ ಆರಿಸಿ ತೆಗೆದು, ಗರಿಗರಿಯಾದ ಕೆಂಪು ಸಿಪ್ಪೆಯನ್ನಷ್ಟೇ ಚೀಲಕ್ಕೆ ತುಂಬಿ ಕೊಡುತ್ತಿದ್ದರು.

ನನ್ನ ಮಾರ್ಗದರ್ಶಕರಿಗೆ ನಾನು ಹೆಚ್ಚು ಋಣಿ. ಕ್ಯಾನ್ಸರ್ ಔಷಧಿಯಾದ ಸಿಸ್‌ಪ್ಲಾಟಿನ್ ಮೂತ್ರಪಿಂಡದ ಸಮೀಪನಾಳದ (ಸೋಸಿದ ದ್ರವ ಮೊದಲು ಹಾಯುವ ನಾಳದ) ಕೋಶಗಳಲ್ಲಿ ಶೇಖರವಾಗಿ, ಮೈಟೊಕಾಂಡ್ರಿಯಗಳು ಕಿಕ್ಕಿರಿದಿರುವ ಆ ಕೋಶಗಳನ್ನೇ ಘಾಸಿಗೊಳಿಸುತ್ತದೆ. ಕ್ವೆರ್ಸಿಟಿನ್ ಕೊಟ್ಟಾಗ ಆ ಘಾಸಿಯಿಂದ ಬದುಕುಳಿದ ಕೋಶಗಳೆಷ್ಟು ಎಂದು ತಿಳಿಯಲು ನಾವು ಎಂಟಿಟಿ ಎಂಬ ಹಳದಿ ಬಣ್ಣವನ್ನು ಹಾಕಿದರೆ, ಜೀವಂತ ಕೋಶಗಳು ಅದನ್ನು ನೇರಳೆಯಾಗಿಸುತ್ತವೆ. ತೊಡಕೆಂದರೆ, ಕ್ವೆರ್ಸಿಟಿನ್ ಕೋಶಗಳ ಹಂಗೇ ಇಲ್ಲದೆ ಅದೇ ಕೆಲಸವನ್ನು ತಾನೇ ಮಾಡಬಲ್ಲದು. ಆದ್ದರಿಂದ ಕೋಶಗಳನ್ನು ಬೆಳೆಸುವ, ಸಣ್ಣ ಗುಳಿಗಳುಳ್ಳ ಪ್ರತಿ ತಟ್ಟೆಯಲ್ಲೂ ಕೋಶಗಳಿಲ್ಲದ ಕೆಲವು ಗುಳಿಗಳು ಇರಲೇಬೇಕೆಂದು ಸರ್ ಪಟ್ಟು ಹಿಡಿದರು. ಕ್ವೆರ್ಸಿಟಿನ್‌ನಂತಹ ಪಾಲಿಫಿನಾಲ್‌ಗಳು ಕೋಶಗಳನ್ನು ಬೆಳೆಸುವ ದ್ರವದಲ್ಲಿ ತಾವಾಗಿಯೇ ಉತ್ಕರ್ಷಣಗೊಂಡು ಹೈಡ್ರೋಜನ್ ಪೆರಾಕ್ಸೈಡ್ ಉಂಟುಮಾಡಬಲ್ಲವು ಎಂಬ ಕಾರಣಕ್ಕೆ ಅದನ್ನೂ ಪ್ರತ್ಯೇಕವಾಗಿ ಅಳೆಸಿದರು. ಈ ಲೆಕ್ಕಗಳನ್ನು ಕಳೆದ ಮೇಲೆ ನಮ್ಮ ಗ್ರಾಫಿನ ಅಂದ ಬಹಳಷ್ಟು ಕುಗ್ಗಿತು, ನಿಜ. ಆದರೆ ಪರೀಕ್ಷಕರು ಮೊಟ್ಟಮೊದಲು ಕೇಳಿದ್ದು ಆ ಖಾಲಿ ಗುಳಿಗಳ ಬಗೆಗೇ.

ಸಾಮಾನ್ಯವಾಗಿ ಕೀಪ್1 ಎಂಬ ಪ್ರೋಟೀನಿನ ಹಿಡಿತದಲ್ಲಿರುವ ಇನ್ನೊಂದು ಪ್ರೋಟೀನ್ ಎನ್‌ಆರ್‌ಎಫ್2, ಬಿಡುಗಡೆಗೊಂಡು ಕೋಶಕೇಂದ್ರಕ್ಕೆ ಸೇರಿ, ಹೀಮ್ ಆಕ್ಸಿಜನೇಸ್-1ರಂತಹ ರಕ್ಷಕ ಕಿಣ್ವಗಳ ತಯಾರಿಕೆಗೆ ಚಾಲನೆ ಕೊಡುವುದನ್ನು ತೋರಿಸಬೇಕಿದ್ದಾಗ, ಕೋಶಕೇಂದ್ರವನ್ನು ಒಡೆಯದಂತೆ ಬೇರ್ಪಡಿಸುವ ಕೈಚಳಕವನ್ನು ಕಲಿಸಿದ ಹಿರಿಯ ಗೆಳತಿಯನ್ನೂ, ಹಬ್ಬದ ರಜೆಗಳಲ್ಲೂ ಬಂದು ಇನ್‌ಕ್ಯುಬೇಟರಿನ ತೇವ ಕಾಯುವ ತಟ್ಟೆಯ ನೀರು ನೋಡಿಕೊಂಡ ಅಟೆಂಡರ್ ಅಣ್ಣನನ್ನೂ ನೆನೆಯುತ್ತೇನೆ.

ಮೂತ್ರಪಿಂಡ ತಜ್ಞರೊಬ್ಬರು ಪ್ರಬಂಧದ ಕೊನೆಯ ಅಧ್ಯಾಯವನ್ನು ಓದಿ, ಅನೇಕ ಸಾಲುಗಳನ್ನು ಕೆಂಪು ಶಾಯಿಯಲ್ಲಿ ಹೊಡೆದುಹಾಕಿದರು. ತಿಂದ ಕ್ವೆರ್ಸಿಟಿನ್‌ನ ಬಹುಪಾಲು ಕರುಳು ಮತ್ತು ಯಕೃತ್ತಿನಲ್ಲೇ ರೂಪ ಬದಲಿಸುವುದರಿಂದ, ನಾವು ತಟ್ಟೆಗೆ ಹಾಕಿದ್ದೂ ಮೂತ್ರಪಿಂಡವನ್ನು ತಲುಪುವುದೂ ಒಂದೇ ಅಲ್ಲ ಎಂದು ಬರೆಸಿದವರು ಅವರೇ. ಗಿಡದಿಂದ ಬಂದದ್ದೆಲ್ಲ ಕ್ಷೇಮವೆಂಬ ಭಾವನೆಗೆ ಅವರು ಕೊಟ್ಟ ಉತ್ತರ ಧಾರೆಹುಳಿ: ಮೂತ್ರಪಿಂಡ ಸೋತವರಿಗೆ ಆ ಹಣ್ಣು ಪ್ರಾಣಾಪಾಯವನ್ನೇ ತರಬಹುದು. ಈ ಬರಹವನ್ನು ಓದಿ ಸಿಪ್ಪೆಯ ಕಷಾಯದ ಪ್ರಮಾಣ ಕೇಳುವ ಬಂಧುಗಳು ದಯವಿಟ್ಟು ತಮ್ಮ ವೈದ್ಯರನ್ನೇ ಕೇಳಬೇಕು. ನಾನು ಪರೀಕ್ಷಿಸಿದ್ದು ತಟ್ಟೆಯಲ್ಲಿನ ಕೋಶಗಳನ್ನು ಮಾತ್ರ.