ಇವನ ತಾಯಿ ಅಳುವುದು ಬೇಡ

ಮಾನ್ಯ ಸಂಪಾದಕರೇ,

ಗದ್ದೆ ಬದುವಿನ ಜಗಳದಲ್ಲಿ ಅಣ್ಣತಮ್ಮಂದಿರು ಕತ್ತಿ ಹಿಡಿದ ಸುದ್ದಿ ನಿಮ್ಮ ಜಿಲ್ಲಾ ಪುಟದಲ್ಲಿ ಆಗಾಗ ಬರುತ್ತದೆ. ಓದಿದಾಗಲೆಲ್ಲ ನನಗೆ ಮಹಾಭಾರತದ ಉದ್ಯೋಗಪರ್ವ ನೆನಪಾಗುತ್ತದೆ. ಪಾಂಡವರು ಕಡೆಗೆ ಕೇಳಿದ್ದು ಬರೀ ಐದು ಊರು. ದುರ್ಯೋಧನ ಸೂಜಿಮೊನೆಯಷ್ಟು ನೆಲವನ್ನೂ ಬಿಡಲಿಲ್ಲ. 18 ಅಕ್ಷೋಹಿಣಿ ಸೇನೆ 18 ದಿನಗಳಲ್ಲಿ ಮಣ್ಣಾಯಿತು.

ಯುದ್ಧದ ಕಥೆ ನಮಗೆ ಬಾಯಿಪಾಠ. ಭೀಷ್ಮ, ದ್ರೋಣ, ಕರ್ಣ, ಶಲ್ಯ, ಹೀಗೆ ಸೇನಾಪತಿಗಳ ಹೆಸರಲ್ಲೇ ನಾಲ್ಕು ಪರ್ವಗಳಿವೆ. ನಮ್ಮ ಕಡೆ ಯಕ್ಷಗಾನದ ಆಟದಲ್ಲಿ ಕರ್ಣಾರ್ಜುನ ಕಾಳಗ ಬಂದರೆ ಬೆಳಗಿನವರೆಗೂ ಯಾರೂ ಏಳುವುದಿಲ್ಲ. ನಾನೂ ಕೂತಿದ್ದೇನೆ. ಆದರೆ 11ನೆಯದು ಸ್ತ್ರೀಪರ್ವ. ಗಾಂಧಾರಿ, ಅವಳ ಸೊಸೆಯಂದಿರು ರಣರಂಗದಲ್ಲಿ ತಮ್ಮವರ ಹೆಣಗಳ ನಡುವೆ ಅಲೆಯುವುದು ಅಲ್ಲಿದೆ. ಅದನ್ನು ಆಡಿದ್ದು ನಾನು ನೋಡಿಲ್ಲ.

ಭಾಗವತದ ಮೊದಲ ಸ್ಕಂಧದಲ್ಲಿ ಇನ್ನೊಂದು ಪ್ರಸಂಗವಿದೆ. ದ್ರೌಪದಿಯ ಐದು ಮಕ್ಕಳನ್ನು ಮಲಗಿದ್ದಲ್ಲೇ ಕೊಂದ ಅಶ್ವತ್ಥಾಮನನ್ನು ಅರ್ಜುನ ಹಗ್ಗದಲ್ಲಿ ಕಟ್ಟಿ ತರುತ್ತಾನೆ. ದ್ರೌಪದಿ ಹೇಳುತ್ತಾಳೆ: ಬಿಟ್ಟುಬಿಡಿ. ನಾನು ಅಳುತ್ತಿರುವ ಹಾಗೆ ಇವನ ತಾಯಿ ಅಳುವುದು ಬೇಡ. ಅವನಿಗೆ ಶಿಕ್ಷೆ ಆಗಲಿಲ್ಲ ಅಂತಲ್ಲ. ತಲೆಯ ಮಣಿ ಕಿತ್ತು ಹೊರಗಟ್ಟಿದರು. ಇದೇ ದ್ರೌಪದಿ ಮಹಾಭಾರತದ ಸೌಪ್ತಿಕಪರ್ವದಲ್ಲಿ ಅವನ ಸಾವು ಬೇಕೆಂದು ಅನ್ನ ಬಿಟ್ಟು ಕೂರುತ್ತಾಳೆ. ನನಗೆ ಎರಡೂ ನಿಜವೆನಿಸುತ್ತದೆ. ಮಕ್ಕಳನ್ನು ಕಳೆದುಕೊಂಡ ತಾಯಿಗೆ ಎರಡೂ ಅನಿಸಬಹುದು, ಅಲ್ವಾ?

ನಮ್ಮ ಮನೆಯಲ್ಲೂ ಇಂಥ ಜಗಳ ನಡೆದಿದೆ. ಅಡಿಕೆ ತೋಟದ ಬೇಲಿ ಎರಡು ಅಡಿ ಈಚೆ ಬಂದಿದೆ ಅಂತ ಅಪ್ಪ, ಇಲ್ಲ ಅಂತ ಚಿಕ್ಕಪ್ಪ. ಸರ್ವೆ ಆಯಿತು, ಕೋರ್ಟಾಯಿತು. ಹದಿನಾಲ್ಕು ವರ್ಷ ಅವರ ಮನೆ ಮದುವೆಗೂ ಹೋಗಲಿಲ್ಲ, ಸಾವಿಗೂ ಹೋಗಲಿಲ್ಲ. ಒಂದು ಮಳೆಗಾಲದಲ್ಲಿ ಚಿಕ್ಕಪ್ಪನ ಮಗ ಜ್ವರ ಜಾಸ್ತಿಯಾಗಿ ಆಸ್ಪತ್ರೆ ಸೇರಿದ. ಅಮ್ಮ ಯಾರನ್ನೂ ಕೇಳಲಿಲ್ಲ. ಗಂಜಿ ಡಬ್ಬಿ ಹಿಡಿದು ಮೊದಲ ಬಸ್ಸಿಗೆ ಹೊರಟಳು. ಮೂರು ರಾತ್ರಿ ಚಿಕ್ಕಮ್ಮನ ಪಕ್ಕ ಕೂತಳು. ನನ್ನ ಅಣ್ಣ ಐದು ವರ್ಷದವನಿದ್ದಾಗಲೇ ತೀರಿಕೊಂಡಿದ್ದ. "ಆ ಸಂಕಟ ಅವಳಿಗೆ ಬೇಡ" ಅಂದಳು, ಅಷ್ಟೇ. ಅಮ್ಮನಿಗೆ ಭಾಗವತ ಓದಲು ಬರುತ್ತಿರಲಿಲ್ಲ.

ಹುಡುಗ ಹುಷಾರಾದ. ಕೇಸು ಆಮೇಲೂ ನಡೆಯಿತು. ಆದರೆ ಆ ವರ್ಷದ ದೀಪಾವಳಿಗೆ ಚಿಕ್ಕಮ್ಮನ ಮನೆಯ ಹೋಳಿಗೆ ಬೇಲಿ ದಾಟಿ ಬಂತು. ಅಪ್ಪ ಸುಮ್ನೆ ತಿಂದರು.

ಟೀವಿಯಲ್ಲಿ ದೂರದ ಯುದ್ಧ ನೋಡುವಾಗಲೂ ನಾವು ಕೇಳುವುದು ಯಾರು ಗೆದ್ದರು ಅಂತ ಮಾತ್ರ. ಪ್ರವಚನ ಮಾಡುವವರಲ್ಲಿ, ಮೇಳದವರಲ್ಲಿ ನನ್ನದೊಂದು ಕೋರಿಕೆ. ಒಂದು ರಾತ್ರಿಯಾದರೂ ಸ್ತ್ರೀಪರ್ವ ಇಟ್ಟುಕೊಳ್ಳಿ. ದ್ರೌಪದಿಯ ಆ ಮಾತನ್ನು ನಿಧಾನವಾಗಿ ಹೇಳಿ. ಕೇಳಲು ಬಂದವರಲ್ಲಿ ಬೇಲಿ ತಕರಾರಿನ ಅಣ್ಣತಮ್ಮಂದಿರೂ ಇರುತ್ತಾರೆ.

ಇಂತಿ,
ಮಲೆನಾಡಿನ ಒಬ್ಬ ಓದುಗ