ಅವ್ವನ ಸೀರೆಯ ಬಣ್ಣ

ಪುಟ್ಟಿಗೆ ಕಾಕಾನ ಆಶೀರ್ವಾದಗಳು.

ನಿನ್ನ ಕಾಗದದ ಒಂದು ಮಾತು ರಾತ್ರಿಯೆಲ್ಲ ನಿದ್ದೆ ಕೆಡಿಸಿತು. ‘ಅಜ್ಜಿಯ ಕಪ್ಪುಬಿಳುಪು ಫೋಟೋದಲ್ಲಿ ಸೀರೆಗೆ ನಾನು ಯಾವುದೋ ಬಣ್ಣ ಹಚ್ಚಿ, ನಾಳೆ ಎಲ್ಲರೂ ಅದನ್ನೇ ನಿಜ ಅಂದುಕೊಂಡುಬಿಟ್ಟರೆ?’ ಅಂತ ಕೇಳಿದ್ದೀಯ.

ಸ್ಟುಡಿಯೋದಲ್ಲಿ ನಾನು ಫೋಟೋಗಳಿಗೆ ಬಣ್ಣ ಹಾಕುತ್ತಿದ್ದಾಗ ಆರ್ಡರ್ ಕವರಿನ ಮೇಲೆ ಬರೆದಿರುತ್ತಿತ್ತು: ಸೀರೆ ಹಸಿರು, ಅಂಚು ಕೆಂಪು, ಮೈಬಣ್ಣ ಗೋಧಿ. ತೀರಿಹೋದವರ ಫೋಟೋ ಬಂದರೆ ಕಷ್ಟ. ಅಣ್ಣ ನೀಲಿ ಅನ್ನುತ್ತಿದ್ದ, ತಂಗಿ ನೇರಳೆ ಅನ್ನುತ್ತಿದ್ದಳು. ಯಾರ ದನಿ ಜೋರೋ ಅವರ ಬಣ್ಣ ಗೋಡೆ ಏರುತ್ತಿತ್ತು. ಊರವರ ತಾಯಂದಿರ ಸೀರೆ ಬಣ್ಣವನ್ನೆಲ್ಲ ಕೇಳಿ ಬರೆದುಕೊಂಡೆ. ನಮ್ಮವ್ವನನ್ನು ಕೇಳಲಿಲ್ಲ. ಒಳಗೆ ರೊಟ್ಟಿ ಬಡಿಯುತ್ತಲೇ ಇದ್ದಳು. ಕೇಳಿದ್ದರೆ ಸೀರೆ ಕೊಂಡ ಅಂಗಡಿಯನ್ನೂ ಹೇಳುತ್ತಿದ್ದಳು. ಈಗಲೂ ಅದು ಚುಚ್ಚುತ್ತದೆ.

ಫೋಟೋದಲ್ಲಿ ಸೀರೆ ಕಪ್ಪಗಿದೆ ಅಂತ ಕಡುನೀಲಿ ಹಚ್ಚಬೇಡ. ಹಳೇ ಕಾಲದಲ್ಲಿ ಫೋಟೋ ತೆಗೆಯುತ್ತಿದ್ದ ಎಷ್ಟೋ ಗಾಜಿನ ಪ್ಲೇಟುಗಳಿಗೆ ಕೆಂಪು ಕಾಣುತ್ತಲೇ ಇರಲಿಲ್ಲ. ಕೆಂಪು ಕಪ್ಪಾಗಿ ಬರುತ್ತಿತ್ತು, ನೀಲಿ ತಿಳಿಯಾಗುತ್ತಿತ್ತು. ಅವ್ವನ ಹಣೆ ನೋಡು, ಕುಂಕುಮ ಕಪ್ಪು ಬೊಟ್ಟಾಗಿದೆ. ಸೀರೆಯೂ ಅಷ್ಟೇ ಕಪ್ಪಿದ್ದರೆ ಕೆಂಪೇ ಇದ್ದೀತು. ಸೆರಗನ್ನು ಭೂತಗನ್ನಡಿ ಹಿಡಿದು ನೋಡು. ಹಣಿಗೆ ಹಲ್ಲಿನ ಹಾಗೆ ಚೂಪು ಸಾಲು ಕಂಡರೆ ಅದು ಇಳಕಲ್ ಸೀರೆಯ ಟೋಪ್ ತೆನಿ ಸೆರಗು. ಅದು ಸಾಮಾನ್ಯವಾಗಿ ಕೆಂಪು ಬಿಳಿ.

ಆದರೂ ಸೀರೆಯ ಒಡಲಿನ ಬಣ್ಣ ಊಹೆಯೇ, ಅಲ್ವಾ? ನಿನ್ನ ಭಯ ಅಲ್ಲೇ ಉಳಿಯುತ್ತದೆ. ಅದಕ್ಕೇ ಮೂಲ ಫೋಟೋ ಮುಟ್ಟಬೇಡ. ಕಾಪಿ ತೆಗೆಸಿ, ಹೊಳಪಿಲ್ಲದ ಮ್ಯಾಟ್ ಫೈಬರ್ ಕಾಗದದ ಮೇಲೆ ಪ್ರಿಂಟ್ ಹಾಕಿಸು. ಹೊಳೆಯುವ ಪ್ಲಾಸ್ಟಿಕ್ ಕಾಗದ ಎಣ್ಣೆ ಬಣ್ಣ ಹಿಡಿಯುವುದಿಲ್ಲ. ಪ್ರಿಂಟನ್ನು ಸೀಪಿಯಾ, ಅಂದರೆ ಕಂದು ಛಾಯೆ, ಮಾಡಿಸಿದರೆ ಮೈಬಣ್ಣ ಚೆನ್ನಾಗಿ ಕೂರುತ್ತದೆ. ಇದೆಲ್ಲ ನಿನಗೆ ಗೊತ್ತಿರಬಹುದು, ಬೇಸರ ಮಾಡಿಕೊಳ್ಳಬೇಡ. ಮೊದಲು ಮೀಡಿಯಂ, ಅಂದರೆ ಬಣ್ಣ ಸಲೀಸಾಗಿ ಹರಡಲು ಹಚ್ಚುವ ದ್ರವ, ಸವರಿ ಒರೆಸು. ಆಮೇಲೆ ಹತ್ತಿಯಲ್ಲಿ ಚೂರೇ ಚೂರು ಬಣ್ಣ ತೆಗೆದು ತಿಕ್ಕುತ್ತಾ ತೆಳ್ಳಗೆ ಮಾಡು, ಕೆಳಗಿನ ನೆರಿಗೆ ಕಾಣುವಷ್ಟು. ರಾಜಸ್ಥಾನದ ನಾಥದ್ವಾರದ ಚಿತ್ರಕಾರರು ಬಣ್ಣ ಹಚ್ಚಿದ ಹಳೇ ಫೋಟೋಗಳಲ್ಲಿ ಮುಖ ಬಿಟ್ಟರೆ ಉಳಿದದ್ದೆಲ್ಲ ದಪ್ಪ ಬಣ್ಣದಡಿ ಮುಚ್ಚಿಹೋಗಿರುತ್ತದೆ. ಅದರ ಚೆಂದವೇ ಬೇರೆ. ಆದರೆ ನಮ್ಮವ್ವನಿಗೆ ಅದು ಬೇಡ.

ಬಣ್ಣ ಒಣಗಲು ದಿನಗಳೇ ಬೇಕು. ಹಸಿ ಇರುವಾಗ ಮನಸ್ಸಿಗೆ ಒಪ್ಪದಿದ್ದರೆ ಟರ್ಪೆಂಟೈನ್ ಹಚ್ಚಿ ಒರೆಸು, ಹೋಗುತ್ತದೆ. ಕಿಟಕಿ ತೆರೆದಿಟ್ಟುಕೊ. ಪ್ರಿಂಟಿನ ಹಿಂದೆ ಪೆನ್ಸಿಲ್‌ನಲ್ಲಿ ‘ಸೀರೆ ಬಣ್ಣ ಊಹೆ’ ಅಂತ ಬರೆದು, ನಿನ್ನ ಹೆಸರು ಹಾಕು. ಮುಂದೆ ನೋಡುವವರಿಗೆ ಮೋಸ ಆಗುವುದಿಲ್ಲ.

ಅದಕ್ಕೂ ಮುಂಚೆ ದೊಡ್ಡತ್ತೆಗೆ ಫೋನ್ ಮಾಡು. ಬಣ್ಣ ಕೇಳಿದರೆ ಗೊತ್ತಿಲ್ಲ ಅಂದಾಳು. ಅವ್ವನ ಹಳೇ ಸೀರೆ ಹರಿದು ಕೌದಿ ಹೊಲಿದದ್ದು ಅವಳೇ. ಆ ಕೌದಿ ಟ್ರಂಕಿನಲ್ಲಿ ಇನ್ನೂ ಇದೆಯಾ ಅಂತ ಕೇಳು. ಇದ್ದರೆ ನೀನೇ ಹೋಗಿ ನೋಡಿ ಬಾ. ನನಗೂ ಬರೆ.

ನಿನ್ನ ಕಾಕಾ