ಇನ್‌ಫ್ರಾರೆಡ್ ಯಂತ್ರ ಕೊಂಡ ಅಳಿಯನಿಗೆ

ಪೆರ್ಲ,
ಆಟಿ ತಿಂಗಳು

ಚಿರಂಜೀವಿ ಪುಟ್ಟನಿಗೆ ಸೋದರಮಾವನ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. ಕುಂಬಳೆಯ ನಿನ್ನ ಅಂಗಡಿಗೆ ಇನ್‌ಫ್ರಾರೆಡ್ ರೀವರ್ಕ್ ಸ್ಟೇಷನ್, ಅಂದರೆ ಕಣ್ಣಿಗೆ ಕಾಣದ ಕಿರಣದ ಕಾವಿನಿಂದ ಬೋರ್ಡಿನ ಚಿಪ್ ಬಿಡಿಸಿ ಕೂರಿಸುವ ಯಂತ್ರ, ಬಂದ ಸುದ್ದಿಯನ್ನು ನಿನ್ನ ಅಮ್ಮ ಮೊನ್ನೆ ಫೋನಿನಲ್ಲಿ ಹೇಳಿದಳು. ಸಾಲ ಮಾಡಿ ಕೊಂಡದ್ದೆಂದು ಅವಳಿಗೆ ಚಿಂತೆ. ಮೂವತ್ತು ವರ್ಷ ರೇಡಿಯೋ, ಟಿವಿ, ಕೊನೆಕೊನೆಗೆ ಲ್ಯಾಪ್‌ಟಾಪ್ ಎಂದು ರಿಪೇರಿ ಮಾಡಿಕೊಂಡು ಬಂದ ನನ್ನ ಚಿಂತೆ ಬೇರೆ. ಆ ಯಂತ್ರದ ಮುಂಭಾಗದಲ್ಲಿ ಕೆಂಪಗೆ ಹೊಳೆಯುವ ಅಂಕಿಯನ್ನು ನೀನು ನಂಬಿಬಿಡುತ್ತೀಯೋ ಎಂಬುದೇ ನನ್ನ ಭಯ. ಆ ಅಂಕಿ ಚಿಪ್‌ನ ಅಡಿಯಲ್ಲಿರುವ ಬೆಸುಗೆಯ ಕಾವಲ್ಲ. ಇಷ್ಟನ್ನು ನಿನ್ನ ತಲೆಗೆ ಹಾಕುವುದಕ್ಕಾಗಿಯೇ ಫೋನು ಬಿಟ್ಟು ಪತ್ರ ಬರೆಯಲು ಕುಳಿತಿದ್ದೇನೆ.

ಬಿಜಿಎ ಎಂಬ ಬಗೆಯ ಚಿಪ್‌ಗೆ ಕಾಲುಗಳಿಲ್ಲ, ಅದರ ಅಡಿಯಲ್ಲಿ ಅರ್ಧ ಮಿಲಿಮೀಟರ್ ಆಸುಪಾಸಿನ ನೂರಾರು ಬೆಸುಗೆ ಗುಂಡುಗಳಿವೆ, ಸೋಲ್ಡರಿಂಗ್ ಐರನ್ನಿನ ತುದಿ ಅಲ್ಲಿಗೆ ತಲುಪದು ಎಂಬುದೆಲ್ಲ ನಿನಗೆ ಗೊತ್ತಿರುವುದೇ. ನೀನು ಇದುವರೆಗೆ ಬಳಸಿದ ಬಿಸಿಗಾಳಿಯ ಯಂತ್ರಕ್ಕೆ ಬಣ್ಣದ ಭೇದವಿರಲಿಲ್ಲ. ಸಾಸಿವೆಗಿಂತ ಸಣ್ಣ ಕೆಪಾಸಿಟರುಗಳನ್ನು ಹಾರಿಸಿಬಿಡುವ ಚಾಳಿಯಷ್ಟೇ ಇತ್ತು. ಇನ್‌ಫ್ರಾರೆಡ್ ಯಾವುದನ್ನೂ ಹಾರಿಸುವುದಿಲ್ಲ, ಆದರೆ ಬಣ್ಣ ನೋಡಿ ಕಾವು ಹಂಚುತ್ತದೆ. ಚಿಪ್‌ನ ಕಪ್ಪು ಮೈ ಕಿರಣವನ್ನು ಹೀರಿಕೊಂಡು ಬೇಗ ಕಾಯುತ್ತದೆ. ಪಕ್ಕದಲ್ಲಿರುವ ಹೊಳಪಿನ ಲೋಹದ ಮುಚ್ಚಳ ಅದೇ ಕಿರಣವನ್ನು ಹಿಂದಕ್ಕೆ ಎಸೆದು ತಣ್ಣಗೆ ಕುಳಿತಿರುತ್ತದೆ. ಕಪ್ಪು ಪ್ಲಾಸ್ಟಿಕ್ಕಿನ ರ‍್ಯಾಮ್ ಸಾಕೆಟ್ ಚಿಪ್‌ನಷ್ಟೇ ಆಸೆಬುರುಕ. ಅದನ್ನು ಅಲ್ಯೂಮಿನಿಯಂ ಟೇಪಿನಿಂದ ಮುಚ್ಚದಿದ್ದರೆ ಬೆಸುಗೆ ಕರಗುವ ಮೊದಲೇ ಅದು ಮೇಣದಂತೆ ಬಾಗುತ್ತದೆ. 1800ರಲ್ಲಿ ವಿಲಿಯಂ ಹರ್ಷೆಲ್ ಸೂರ್ಯನ ಬೆಳಕನ್ನು ಪಟ್ಟಕದಿಂದ ಬಣ್ಣಗಳಾಗಿ ಬಿಡಿಸಿ, ಕೆಂಪಿನಾಚೆ ಏನೂ ಕಾಣದ ಜಾಗದಲ್ಲಿಟ್ಟ ಥರ್ಮಾಮೀಟರ್ ಏರುವುದನ್ನು ಗಮನಿಸಿ ಈ ಕಿರಣವನ್ನು ಕಂಡುಹಿಡಿದ. ಅದು ಅವನ ಕಣ್ಣಿಗೆ ಕಂಡದ್ದಲ್ಲ, ಥರ್ಮಾಮೀಟರಿಗೆ ಕಂಡದ್ದು. ನಿನಗೂ ಥರ್ಮೋಕಪಲ್ಲೇ, ಅಂದರೆ ಕಾವು ಅಳೆಯುವ ತಂತಿಯೇ, ಕಣ್ಣು. ಅದರ ತುದಿಯನ್ನು ಚಿಪ್‌ನ ಅಂಚಿಗೆ ಒತ್ತಾಗಿ, ಬೋರ್ಡನ್ನು ಮುಟ್ಟಿಕೊಂಡಿರುವಂತೆ ಟೇಪಿನಿಂದ ಬಿಗಿ. ಅದು ಕೂದಲೆಳೆಯಷ್ಟು ಮೇಲೆದ್ದರೂ ನೀನು ಓದುವುದು ಬೋರ್ಡಿನ ಕಾವನ್ನಲ್ಲ.

ಅಡಿಯ ಕಾವಿನ ವಿಷಯದಲ್ಲಿ ಅವಸರ ಮಾಡಬೇಡ. ಅಜ್ಜಿ ಹಲಸಿನ ಹಪ್ಪಳವನ್ನು ಕೆಂಡದ ಮೇಲೆ ಸುಡುವಾಗ ತಿರುವುತ್ತಲೇ ಇರುತ್ತಿದ್ದುದನ್ನು ನೀನು ನೋಡಿದ್ದೀಯೆ. ಒಂದೇ ಕಡೆ ಕಾದರೆ ಅದು ಸುರುಟುತ್ತದೆ. ಬೋರ್ಡಿನ ಸ್ವಭಾವವೂ ಅದೇ, ಮಾತ್ರವಲ್ಲ, ಬೋರ್ಡನ್ನು ತಿರುವುವಂತಿಲ್ಲ. ಆದ್ದರಿಂದ ಮೊದಲು ಕೆಳಗಿನ ಹೀಟರಿನಿಂದ ಇಡೀ ಬೋರ್ಡನ್ನು ಸೆಕೆಂಡಿಗೆ ಒಂದೆರಡು ಡಿಗ್ರಿಯಂತೆ 150 ಡಿಗ್ರಿಯ ಆಸುಪಾಸಿಗೆ ಏರಿಸಿ, ಅಲ್ಲಿ ಸ್ವಲ್ಪ ಹೊತ್ತು ನಿಲ್ಲಿಸಿ, ಅನಂತರವೇ ಮೇಲಿನದನ್ನು ಹೊತ್ತಿಸು. ಹಳೆಯ ತವರ-ಸೀಸದ 63:37 ಬೆಸುಗೆ 183 ಡಿಗ್ರಿಗೆ ಕರಗುತ್ತಿತ್ತು. 2006ರ ಜುಲೈ 1ರಿಂದ ಯುರೋಪಿನಲ್ಲಿ ಸೀಸಕ್ಕೆ ನಿರ್ಬಂಧ ಬಂದ ಮೇಲೆ ಎಲ್ಲೆಡೆ ಹರಡಿದ ಬೆಸುಗೆ ತವರಕ್ಕೆ ಶೇಕಡಾ 3 ಬೆಳ್ಳಿ, ಶೇಕಡಾ 0.5 ತಾಮ್ರ ಸೇರಿದ್ದು. ಅದು ಕರಗಲು 217ರಿಂದ 220 ಡಿಗ್ರಿ ಬೇಕು. ಗುಂಡುಗಳ ಬಳಿ 235ರಿಂದ 240 ಡಿಗ್ರಿ ಮುಟ್ಟಿದರೆ ಸಾಕು, ಕರಗಿದ ಸ್ಥಿತಿಯಲ್ಲಿ ಒಂದೂವರೆ ನಿಮಿಷ ದಾಟಬಾರದು. ರೀಬಾಲಿಂಗ್‌ಗೆ, ಅಂದರೆ ಚಿಪ್‌ನ ಅಡಿಗೆ ಹೊಸ ಗುಂಡು ಕೂರಿಸುವಾಗ, ಸೀಸ ಬೆರೆತ ಗುಂಡು ಹಾಕಿದರೆ ಕಾವು ಕಡಿಮೆ ಸಾಕಾಗುತ್ತದೆ, ಆದರೆ ಗುಂಡು ಕೂರುವ ತಾಮ್ರದ ಪ್ಯಾಡುಗಳ ಮೇಲೆ ಉಳಿದ ಹಳೆಯ ಬೆಸುಗೆಯನ್ನು ವಿಕ್ಕಿನಿಂದ (ಬೆಸುಗೆ ಹೀರುವ ತಾಮ್ರದ ಜಡೆಯಿಂದ) ಪೂರ್ತಿಯಾಗಿ ತೆಗೆದಿರಬೇಕು.

ಕರಗಿದೆಯೆಂದು ತಿಳಿಯುವುದು ಹೇಗೆ? ಚಿಪ್‌ನ ಬಳಿಯ ಒಂದು ಸಣ್ಣ ಕೆಪಾಸಿಟರನ್ನು ಚಿಮ್ಮಟದ ತುದಿಯಿಂದ ಮೆಲ್ಲನೆ ತಾಗಿಸು. ಅದು ಜಾರಿ, ತಾನಾಗಿಯೇ ತನ್ನ ಜಾಗಕ್ಕೆ ಮರಳಿದರೆ ಸಮಯ ಹತ್ತಿರ ಬಂದಿದೆ. ಆಮೇಲೆ ಚಿಪ್‌ನ ಅಂಚನ್ನು ಒಂದಿಷ್ಟೇ ತಳ್ಳು. ದೊಡ್ಡ ಚಿಪ್ ಕೂಡ ನೀರಿನ ಮೇಲಿನ ಎಲೆಯಂತೆ ಅಲುಗಿ ಮತ್ತೆ ನೆಟ್ಟಗಾಗುತ್ತದೆ. ಅದನ್ನು ಮೊದಲ ಬಾರಿ ಕಂಡ ದಿನ ನಾನು ಊಟ ಮರೆತಿದ್ದೆ. ಈ ಅಲುಗಾಟ ಕಾಣದೆ ಚಿಪ್ ಎತ್ತಲು ಹೋದರೆ ಪ್ಯಾಡುಗಳು ಕಿತ್ತು ಬರುತ್ತವೆ, ಬೋರ್ಡು ಗುಜರಿಗೆ ಹೋಗುತ್ತದೆ.

ಇನ್ನು ನಮ್ಮ ಊರಿನ ಮಳೆಯ ಮಾತು. ಆಟಿಯಲ್ಲಿ ಉಪ್ಪು ಕೂಡ ಡಬ್ಬಿಯೊಳಗೆ ನೀರಾಗುತ್ತದೆ. ಚಿಪ್‌ನ ಹೊದಿಕೆಯೂ ಹಾಗೆಯೇ ತೇವ ಹೀರಿಕೊಂಡಿರುತ್ತದೆ. ಮಂಗಳೂರಿನಲ್ಲಿ ಓದುತ್ತಿದ್ದ ಒಬ್ಬ ಹುಡುಗನ ಲ್ಯಾಪ್‌ಟಾಪ್ ಬಂದಿತ್ತು, ಪರೀಕ್ಷೆ ಹತ್ತಿರವಿದೆಯೆಂದು ಅವನಿಗೂ ಅವಸರ, ನನಗೂ ಅವಸರ. ಒಣಗಿಸದೆ ನೇರವಾಗಿ ಕಾವು ಕೊಟ್ಟೆ. 200 ಡಿಗ್ರಿ ದಾಟುತ್ತಿದ್ದಂತೆ ಹುರಿದ ಹುಣಸೆಬೀಜ ಸಿಡಿದಂತೆ ‘ಟಪ್’ ಎಂದು ಒಂದೇ ಒಂದು ಸದ್ದು. ಕಣ್ಣಿಗೆ ಏನೂ ಕಾಣಿಸಲಿಲ್ಲ. ತಣಿದ ಮೇಲೆ ಉಗುರಿನಿಂದ ಸವರಿದಾಗ ಚಿಪ್‌ನ ನಡುವೆ ಸಣ್ಣ ಉಬ್ಬು ಸಿಕ್ಕಿತು; ಒಳಗಿನ ತೇವ ಆವಿಯಾಗಿ ಪದರಗಳನ್ನು ಸೀಳಿತ್ತು. ಹೊಸ ಬೋರ್ಡಿನ ಹಣ ನನ್ನ ಕೈಯಿಂದಲೇ ಹೋಯಿತು. ಬಿಡಿ ಚಿಪ್ ಆದರೆ 125 ಡಿಗ್ರಿಯಲ್ಲಿ 24 ಗಂಟೆ ಒಣಗಿಸುವುದು ರೂಢಿ. ಬೋರ್ಡಿನಲ್ಲಿ ಪ್ಲಾಸ್ಟಿಕ್ ಭಾಗಗಳಿರುವುದರಿಂದ ಅಷ್ಟು ಕಾವು ಬೇಡ, 90ರ ಆಸುಪಾಸಿನಲ್ಲಿ ಇನ್ನೂ ಹೆಚ್ಚು ಹೊತ್ತು ಇಡು. ಬ್ಯಾಟರಿಯನ್ನೂ ಗುಂಡಿ ಸೆಲ್ಲನ್ನೂ ತೆಗೆದಿರಬೇಕೆಂದು ಬೇರೆ ಹೇಳಬೇಕಾಗಿಲ್ಲ.

ಮಳೆಯ ಜೊತೆಗೆ ಕರೆಂಟು ಹೋಗುವುದೂ ಇದ್ದದ್ದೇ. ಸಾವಿರ ವಾಟ್‌ಗೂ ಮೀರಿ ಎಳೆಯುವ ಹೀಟರುಗಳನ್ನು ಮನೆಯ ಇನ್ವರ್ಟರ್ ತಾಳದು. ಬೆಸುಗೆ ಕರಗಿರುವಾಗಲೇ ಕರೆಂಟು ಹೋದರೆ ಗಾಬರಿಯಿಂದ ಬೋರ್ಡನ್ನು ಎತ್ತಬೇಡ, ಅಲುಗಿಸಲೂ ಬೇಡ. ಅದು ಇದ್ದಲ್ಲೇ ತಣಿಯಲಿ, ಕರೆಂಟು ಬಂದ ಮೇಲೆ ಮೊದಲಿನಿಂದ ಆರಂಭಿಸು.

ಯಂತ್ರ ಹೊಸತಾಗಿರುವಾಗ ಬಂದದ್ದನ್ನೆಲ್ಲ ಕಾಯಿಸಿ ನೋಡುವ ಚಪಲ ಹುಟ್ಟುತ್ತದೆ. ತುಲಾ ತಿಂಗಳ ಗುಡುಗಿನ ಮರುದಿನ ಬರುವ ಬೋರ್ಡುಗಳಲ್ಲಿ ಕೆಟ್ಟಿರುವುದು ಹೆಚ್ಚಾಗಿ ಕರೆಂಟು ಒಳಬರುವ ದಾರಿ. ಮಲ್ಟಿಮೀಟರಿನಲ್ಲಿ ಶಾರ್ಟ್ ಹುಡುಕದೆ ಹೀಟರ್ ಹೊತ್ತಿಸಬೇಡ. ಚಿಪ್ಪೇ ಕೆಟ್ಟಿದ್ದರೆ ಗಿರಾಕಿಗೆ ನಿಜ ಹೇಳು. 2008ರ ಜುಲೈಯಲ್ಲಿ ಎನ್‌ವಿಡಿಯಾ ಕಂಪನಿ ತನ್ನ ಕೆಲವು ಲ್ಯಾಪ್‌ಟಾಪ್ ಚಿಪ್‌ಗಳ ಡೈ (ಒಳಗಿನ ಸಿಲಿಕಾನ್ ತುಣುಕು) ಮತ್ತು ಪ್ಯಾಕೇಜಿನ ವಸ್ತು ದುರ್ಬಲವೆಂದು ತಿಳಿಸಿ, ರಿಪೇರಿ ಮತ್ತು ವಾರಂಟಿಯ ಖರ್ಚಿಗೆ 15ರಿಂದ 20 ಕೋಟಿ ಡಾಲರ್ ತೆಗೆದಿರಿಸಿತು. ಬಿರುಕು ಚಿಪ್‌ನ ಒಳಗಿನ ಬೆಸುಗೆಯಲ್ಲಿದ್ದರೆ ನೀನು ಹೊರಗಿನ ಗುಂಡುಗಳನ್ನು ಎಷ್ಟು ಚಂದವಾಗಿ ಬದಲಿಸಿದರೂ ಪ್ರಯೋಜನವಿಲ್ಲ. ಕಾವಿಗೆ ಒಳಗಿನದು ತಾತ್ಕಾಲಿಕವಾಗಿ ಕೂಡಿಕೊಂಡು, ಪರದೆ ಬೆಳಗಿ, ಕೆಲವು ವಾರ ಓಡಿ, ಮತ್ತೆ ಕೈಕೊಡುತ್ತದೆ. ಆಗ ಗಿರಾಕಿ ಬಯ್ಯುವುದು ನಿನ್ನನ್ನು. ಇದು ಕೆಲವು ದಿನಕ್ಕಷ್ಟೇ, ಪೂರ್ತಿ ಸರಿಯಾಗಬೇಕಿದ್ದರೆ ಹೊಸ ಚಿಪ್ ಬೇಕು ಎಂದು ಕನ್ನಡದವರಿಗೆ ಕನ್ನಡದಲ್ಲಿ, ಮಲಯಾಳದವರಿಗೆ ಮಲಯಾಳದಲ್ಲಿ ರಶೀದಿಯ ಮೇಲೆಯೇ ಬರೆದುಕೊಡು.

ಬೆಸುಗೆಗೆ ಹಚ್ಚುವ ಫ್ಲಕ್ಸಿನ ಹೊಗೆ ಹೊರಗೆ ಹೋಗುವಂತೆ ಒಂದು ಫ್ಯಾನು ಇರಲಿ. ಸೀಸ ಮುಟ್ಟಿದ ಕೈಯಲ್ಲಿ ಚಹಾದ ಲೋಟ ಹಿಡಿಯಬೇಡ.

ನನ್ನ ಅಟ್ಟದಲ್ಲಿ ಹತ್ತು ಹನ್ನೆರಡು ಗುಜರಿ ಬೋರ್ಡುಗಳಿವೆ, ಭಾನುವಾರ ಬರುವಾಗ ತರುತ್ತೇನೆ. ಒಂದೊಂದರಲ್ಲೂ ಚಿಪ್‌ನ ನಡುಭಾಗಕ್ಕೆ ಸರಿಯಾಗಿ ಹಿಂಬದಿಯಿಂದ ಸಣ್ಣ ತೂತು ಕೊರೆದು, ಎರಡನೆಯ ಥರ್ಮೋಕಪಲ್ಲಿನ ತುದಿಯನ್ನು ಗುಂಡಿನವರೆಗೆ ಸೇರಿಸೋಣ. ಒಳಗಿನ ಅಂಕಿ, ಅಂಚಿನ ಅಂಕಿ, ಯಂತ್ರದ ಅಂಕಿ ಮೂರನ್ನೂ ಅರ್ಧ ನಿಮಿಷಕ್ಕೊಮ್ಮೆ ಬರೆದುಕೊಳ್ಳಲು ಗೆರೆ ಎಳೆದ ಒಂದು ಪುಸ್ತಕ ತೆಗೆದಿಡು. ಆ ಪುಟಗಳು ತುಂಬುವವರೆಗೆ ಗಿರಾಕಿಯ ಬೋರ್ಡನ್ನು ಆ ಯಂತ್ರದ ಮೇಲೆ ಇಡಬೇಡ.

ಇಂತು ನಿನ್ನ ಸೋದರಮಾವ